ಒಪೆರಾಕ್ಕೆ ಓಗೊಟ್ಟವರು

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಫೋಟೋ ಇದೆ. ನನ್ನ ಹೆಂಡತಿ ಮಂಗಳಗೌರಿಯನ್ನು ಬಿಳಿ ಹೆಂಗಸೊಬ್ಬಳು ತಬ್ಬಿಕೊಂಡಿದ್ದಾಳೆ. ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದಲ್ಲ, ಅದು ನನ್ನದು. ನ್ಯಾಯವಾಗಿ ನಡುವೆ ನಿಲ್ಲಬೇಕಾದವನು ನಾನು! ನಿಮಗಾದರೂ ಸತ್ಯ ಗೊತ್ತಿರಲಿ.

ಮಗಳು ಶ್ವೇತ ಓದುವ ಕೊಯಮತ್ತೂರಿನ ಕಾಲೇಜಿನಲ್ಲಿ ಇಟಲಿಯವರ ಒಪೆರಾ. ಅಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ. ಹಿಮ್ಮೇಳದಲ್ಲಿ ಇವಳೂ ಇದ್ದಾಳೆ. "ಅಪ್ಪ, ಅಲ್ಲಿ ಯಾರೂ ಉಸುರೆತ್ತಬಾರ್ದು. ಅವ್ವ ಮಾತಾಡ್ಬುಟ್ರೆ ನನ್ ಮಾನ ಓಯ್ತದೆ, ನೀವೇ ನೋಡ್ಕಳಿ" ಎಂದು ಫೋನಿನಲ್ಲಿ ಬೇಡಿಕೊಂಡಳು. ಊರ ನಾಟಕದಲ್ಲಿ ಭೀಮನ ಪಾರ್ಟು ಮಾಡಿದ ಘನತೆಯುಳ್ಳ ನಾನು, ನಮ್ಮೂರು ಪಣಕಹಳ್ಳಿಯಲ್ಲಿ ಬಸ್ಸು ಹತ್ತಿ ಘಾಟಿ ಇಳಿಯುವ ತನಕ ಮಂಗಳಗೌರಿಗೆ ರಂಗಶಿಸ್ತಿನ ಉಪನ್ಯಾಸ ಕೊಟ್ಟೆ. (ಅವಳು ವಾಂತಿ ಬಾರದಿರಲೆಂದು ನಿಂಬೆಹಣ್ಣು ಮೂಸುತ್ತಿದ್ದಳು.)

ಸಭಾಂಗಣದಲ್ಲಿ ನೋಡಿದರೆ ಪರದೆಯಿಲ್ಲ, ವೇಷವಿಲ್ಲ. ಕರಿ ಕೋಟಿನವನೇ ರಾಜನಂತೆ. ಎಲ್ಲರ ಮುಂದೆಯೂ ಪುಸ್ತಕ.

"ಬಾಯ್ಪಾಟ ಆಗಿಲ್ವಾ ಇವ್ರಿಗೆ?" ಮಂಗಳಗೌರಿ ಪಿಸುಗುಟ್ಟಿದಳು.

"ಸುಮ್ಕಿರಮ್ಮಿ. ಇದು ಕಚೇರಿ ತರದ ಒಪೆರಾ. ವೇಷ ನಾವೇ ಮನಸ್ನಲ್ಲಿ ಆಕಬೇಕು."

"ಅಲ್ಲಿ ಬೆನ್ ತೋರಿಸ್ಕಂಡು ಕಡ್ಡಿ ಆಡುಸ್ತಾವ್ನಲ್ಲ, ಅವ್ನ್ಯಾರು?"

"ಅವ್ರೇ ಡ್ರಾಮಾ ಮೇಷ್ಟ್ರು."

"ಪಾಪ, ಮೇಷ್ಟ್ರಿಗೆ ಮಾತು ಬರಾಕಿಲ್ವಾ?"

ಅಷ್ಟರಲ್ಲಿ ನಾಯಕಿ ಎದ್ದಳು. ಕಾಡಿನಲ್ಲಿ ದಾರಿ ತಪ್ಪಿ ನಲ್ಲನನ್ನು ಕರೆಯುತ್ತಾಳೆಂದು ಅವರು ಕೊಟ್ಟ ಚೀಟಿಯಲ್ಲಿ ತಮಿಳಿನಲ್ಲಿ ಬರೆದಿತ್ತು. ಅಬ್ಬಾ, ಆ ಕಂಠ! ಮೈಕೂ ಇಲ್ಲ. ಭಾಷೆ ಯಾವುದಾದರೇನು, ಸಂಕಟ ತಿಳಿಯುತ್ತಿತ್ತು. ನೀಳವಾಗಿ ಕೂಗಿ ನಿಲ್ಲಿಸಿದಳು. ವಾದ್ಯಗಳೂ ನಿಂತವು. ನಲ್ಲನಾದವನು ಪಕ್ಕದ ಕುರ್ಚಿಯಲ್ಲೇ ನೀರು ಕುಡಿಯುತ್ತಿದ್ದಾನೆ! ಮತ್ತೆ ಕೂಗಿದಳು. ಆಸಾಮಿ ಬಾಟಲಿಗೆ ಮುಚ್ಚಳ ತಿರುಗಿಸುತ್ತಿದ್ದಾನೆ.

ನಮ್ಮ ಕಡೆ ಜೋಳದ ಹೊಲಕ್ಕೆ ಆನೆ ಬರದಂತೆ ಅಟ್ಟಣೆ ಹತ್ತಿ ಕಾಯುತ್ತೇವೆ. ಒಂದು ಹೊಲದವನು ಕೂಗಿದರೆ ಪಕ್ಕದವನು ಓಗೊಡಲೇಬೇಕು. ಕೊಡದಿದ್ದರೆ ಏನೋ ಅನಾಹುತವಾಯಿತೆಂದೇ ಲೆಕ್ಕ, ಟಾರ್ಚು ಹಿಡಿದು ಎಲ್ಲರೂ ಓಡುತ್ತೇವೆ. ಮೀಸೆ ಮೂಡುವ ಮೊದಲೇ ಮೈಗೆ ಹತ್ತಿದ ಅಭ್ಯಾಸ. ಅವಳು ಮತ್ತೊಮ್ಮೆ ಕೂಗಿ ನಿಲ್ಲಿಸಿದ್ದೇ ತಡ, ನನ್ನ ಗಂಟಲಿನಿಂದ ಕೀರಲು ದನಿಯೊಂದು ಹೊರಟೇಬಿಟ್ಟಿತು: "ಓ... ಓಓಯ್!"

ಸಭೆಯೆಲ್ಲ ನಮ್ಮತ್ತ ತಿರುಗಿತು. ನಾನೂ ತಿರುಗಿ ಮಂಗಳಗೌರಿಯನ್ನು ದುರುಗುಟ್ಟಿ ನೋಡಿದೆ. (ಭೀಮನ ಪಾರ್ಟು ಉಪಯೋಗಕ್ಕೆ ಬಂದದ್ದು ಆಗಲೇ.) ಅವಳು ತಲೆ ತಗ್ಗಿಸಿದಳು. ವೇದಿಕೆಯ ಮೇಲೆ ಶ್ವೇತಳ ಮುಖ ಬಿಳುಚಿಕೊಂಡಿತು. ಇಬ್ಬರನ್ನೂ ಕಂಡು ಪಾಪ ಅನ್ನಿಸಿತು, ಆದರೂ ಬಾಯಿ ಬಿಡಲಿಲ್ಲ.

ಆಟ ಮುಗಿದ ಮೇಲೆ ನಾಯಕಿಯೇ ಶ್ವೇತಳ ಜೊತೆ ನಮ್ಮ ಬಳಿಗೆ ಬಂದಳು. ನಾನು ಮಂಗಳಗೌರಿಯ ಹಿಂದೆ ಸರಿದೆ.

"ಎಷ್ಟೋ ವರ್ಸದಿಂದ ಇವ್ರು ಇಂಗೇ ಕೂಗ್ತಾವ್ರಂತೆ. ಓಗೊಟ್ಟೋರು ಇದೇ ಮೊದ್ಲಂತೆ. ಕಣ್ಣಲ್ಲಿ ನೀರ್ ಬಂದ್ಬುಡ್ತಂತೆ. ಯಾರು ಅಂತ ಕೇಳ್ತಾವ್ರೆ" ಎಂದಳು ಶ್ವೇತ, ಮುಖವೆಲ್ಲ ನಗು.

ನಾನು ಎದೆಯುಬ್ಬಿಸಿ ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಮಗಳು "ನಮ್ಮವ್ವ!" ಎಂದುಬಿಟ್ಟಳು. ತಬ್ಬಿದ್ದೇನು, ಹೂವಿನ ಗೊಂಚಲೇನು, ಫೋಟೋ ಏನು!

ವಾಪಸು ಬರುವಾಗ ಘಾಟಿಯ ಮೇಲಿನ ದಿಂಬಂನಲ್ಲಿ ಟೀ ಕುಡಿಯುತ್ತಾ ತಡೆಯಲಾಗಲಿಲ್ಲ. "ಓಗೊಟ್ಟೋನು ನಾನು ಕಣಮ್ಮಿ."

"ನಂಗೊತ್ತಿಲ್ವಾ? ಅಟ್ಟಣೆಯಿಂದ ನಿಮ್ ಕೂಗು ಕೇಳುದ್ಮೇಲೇ ಅಲ್ವಾ ನಂಗೆ ನಿದ್ದೆ ಬರದು? ತಪ್ಪು ನನ್ದು ಅಂತ ಎಲ್ರೆದ್ರುಗೆ ಕೊಟ್ರಿ, ಇಸ್ಕಂಡೆ. ಈಗ ಹೂವ ಮಾತ್ರ ವಾಪಸ್ ಕೇಳ್ತೀರಲ್ಲ!"

ಟೀ ದುಡ್ಡು ಕೊಟ್ಟು, ಹೂವಿನ ಗೊಂಚಲನ್ನು ನಾನೇ ಹೊತ್ತು ಬಸ್ಸು ಹತ್ತಿದೆ.

ಮೈಸೂರಿನ ಆಟಕ್ಕೂ ಆ ಗಾಯಕಿ ಇವಳನ್ನೇ ಕರೆದಿದ್ದಾಳೆ, ಓಗೊಡುವುದಕ್ಕೆ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂರಿಸಿ ಇವಳಿಗೆ "ಓಓಯ್" ಪಾಠ ಹೇಳುವ ಸಂಗೀತ ವಿದ್ವಾಂಸರು ಯಾರೆಂದು ಬೇರೆ ಹೇಳಬೇಕೆ? ನಿನ್ನೆ ನನ್ನ ಕೂಗನ್ನು ಕಣ್ಣು ಮುಚ್ಚಿ ಕೇಳಿದ ಮಂಗಳಗೌರಿ, "ನಿಮ್ದು ಸ್ರುತಿ ಸಾಲ್ದು ಕಣಿ" ಎಂದಳು.