ಮಾವನವರ ಮೇಪಲ್ ಆಲೆಮನೆ

ನಮ್ಮ ಮಾವನವರಿಗೆ ಜಪಾನೀ ಭಾಷೆ ಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಜಪಾನೀ ಪುಸ್ತಕವನ್ನು ಗಟ್ಟಿಯಾಗಿ, ಎಲ್ಲೂ ತಡವರಿಸದೆ, ಕನ್ನಡದಲ್ಲಿ ಓದುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ! ಅಕ್ಷರ ಒಂದೂ ಗೊತ್ತಿಲ್ಲ, ನಿಜ. ಚಿತ್ರಗಳಿರುವಾಗ ಅಕ್ಷರದ ಹಂಗೇಕೆ?

ಇಲ್ಲಿ ಜಪಾನಿನಲ್ಲಿ ಆ ದೊಡ್ಡ ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ನೆಂಟರೆಲ್ಲ ಇನ್ನೂ "ವಾಪಸ್ ಬಂದ್ಬಿಡಿ" ಎಂದು ಫೋನು ಮಾಡುತ್ತಿದ್ದರೆ, ಮಾವನವರು ಮಾತ್ರ "ನೆಲ ಅಲ್ಲಾಡಿದ್ರೂ ಬೀಳದ ಮನೆ ಹೆಂಗಿರ್ತದೆ, ನೋಡ್ಬೇಕು" ಎಂದು ಮಂಡ್ಯದಿಂದ ನಿಶಿ ಕಸಾಯಿಯ ನಮ್ಮ ಫ್ಲ್ಯಾಟಿಗೆ ಬಂದಿಳಿದರು. ವೀಸಾ ತೊಂಬತ್ತು ದಿನದ್ದು, ಕುತೂಹಲ ತೊಂಬತ್ತು ವರ್ಷಕ್ಕಾಗುವಷ್ಟು. ಮೊದಲ ದಿನವೇ ಟಾಯ್ಲೆಟ್ಟಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿ, ತಲೆಯಿಂದ ಕಾಲಿನವರೆಗೆ ನೆನೆದು, ಬಹಳ ಸಂತೋಷದಿಂದ ಹೊರಬಂದರು.

ಅವರನ್ನು ಸೋಲಿಸಿದವಳು ಒಬ್ಬಳೇ, ನನ್ನ ಏಳು ವರ್ಷದ ಮಗಳು ಧೃತಿ. ತಾತ ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಜಪಾನಿಯಲ್ಲಿ, ಕೃಪೆ ತೋರಿದ ದಿನ ಇಂಗ್ಲಿಷಿನಲ್ಲಿ. ಎರಡು ತಿಂಗಳಾದರೂ ಒಂದು ಕನ್ನಡ ಮಾತಿಲ್ಲ.

"ಹೊರಡೋದ್ರೊಳ್ಗೆ ಒಂದೇ ಒಂದ್ ಮಾತು ಆಡಿದ್ರೆ ಸಾಕು ಕಣಮ್ಮ" ಎಂದು ಒಂದು ಬೆಳಗ್ಗೆ ಕಾಫಿ ಲೋಟ ನೋಡುತ್ತ ಹೇಳಿದರು. ನನಗೆ ನಾಚಿಕೆಯಾಯಿತು. ಕಲಿಸಬೇಕಾದವಳು ನಾನೇ ಅಲ್ಲವೇ?

ಆ ವಾರ ಧೃತಿ ಲೈಬ್ರರಿಯಿಂದ ಒಂದು ಚಿತ್ರಪುಸ್ತಕ ತಂದಳು. ಹಿಮ ಬಿದ್ದ ಕಾಡು. ಒಬ್ಬ ತಾತ, ಒಬ್ಬಳು ಮೊಮ್ಮಗಳು. ಮೇಪಲ್ ಮರಗಳಿಗೆ ಬಕೆಟ್ ನೇತುಹಾಕಿ, ತೊಟ್ಟಿಕ್ಕಿದ ರಸವನ್ನು ಕಾಯಿಸಿ ಕಾಯಿಸಿ ಪಾಕ ಮಾಡುತ್ತಾರೆ. ಮಾವನವರು ಪುಸ್ತಕ ನೋಡಿ ಎದ್ದೇ ನಿಂತರು! ಕಬ್ಬಿನ ಹಾಲು ಕಾಯಿಸಿ ಬೆಲ್ಲ ತೆಗೆಯುವ ಆಲೆಮನೆಯಲ್ಲಿ ನಲವತ್ತು ವರ್ಷ ಪಾಕದ ಹದ ನೋಡಿದ ಜೀವ ಅದು.

"ಒಂದೂರಲ್ಲಿ ಒಬ್ಬ ತಾತ. ಪಾಪ, ಅವ್ನ ಹೊಲದಲ್ಲಿ ಕಬ್ಬು ಬೆಳೀತಿರ್ಲಿಲ್ಲ" ಎಂದು ಓದು ಶುರುವಾಯಿತು.

"ಚಿಗೌ! ಚಿಗೌ!" ಎಂದು ಧೃತಿ ಬೆರಳಾಡಿಸಿದಳು. ತಪ್ಪು, ತಪ್ಪು ಎಂದರ್ಥ.

"ಬೈತಾವ್ಳೆ ಅಲ್ವಾ? ಬೈಲಿ ಬಿಡು" ಎಂದು ಮಾವನವರು ಹಿಗ್ಗಿ ಪುಟ ತಿರುವಿದರು.

ಮರುದಿನ ಪಾರ್ಕಿನಲ್ಲಿ ಪುಸ್ತಕದ್ದೇ ಜಾತಿಯಂತೆ ಕಾಣುವ ಎಲೆಯ ಮರ ಸಿಕ್ಕಿತು. ಮಾವನವರು ತೆಂಗಿನಕಾಯಿ ಆರಿಸುವವರಂತೆ ಕಾಂಡ ತಟ್ಟಿ, ಕಿವಿಯಿಟ್ಟು ಆಲಿಸಿ, ನನ್ನ ಸ್ಟೀಲ್ ಚೊಂಬನ್ನು ದಾರದಿಂದ ಕಟ್ಟಿಯೇಬಿಟ್ಟರು. ಮರ ಕೊರೆಯಲು ಮನಸ್ಸು ಬರಲಿಲ್ಲವಂತೆ. "ಅದಾಗೇ ಕೊಟ್ಟಷ್ಟು ಕೊಡ್ಲಿ."

ಮರ ಕೊಡಲಿಲ್ಲ. ಎಲೆ ಗುಡಿಸುತ್ತಿದ್ದ ಜಪಾನೀ ಅಜ್ಜ ಬಂದು, "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಾಗಿದರು. ಮಾವನವರು ಬಿಟ್ಟಾರೆಯೇ? ಇನ್ನೂ ಕೆಳಗೆ ಬಾಗಿದರು. ಆ ಅಜ್ಜ ಮತ್ತೂ ಕೆಳಗೆ! ಕೊನೆಗೆ ಅಜ್ಜ ಚೊಂಬು ಬಿಚ್ಚಿ, ತಮ್ಮ ಟವೆಲ್ಲಿನಿಂದ ಒರೆಸಿ, ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು.

"ಎಷ್ಟು ಮರ್ಯಾದೆಯಾಗಿ ಓಡ್ಸುದ್ರು ನೋಡಮ್ಮ!" ಎಂದು ಮಾವನವರು ಮನೆವರೆಗೂ ಅದನ್ನೇ ಹೇಳಿದರು.

ಹಾಗೆಂದು ಸುಮ್ಮನಾದವರಲ್ಲ. ಇಂಡಿಯನ್ ಅಂಗಡಿಯಿಂದ ಬೆಲ್ಲ ತರಿಸಿದರು. ಅದನ್ನು ಒಂದು ದೊಡ್ಡ ಪಾತ್ರೆ ನೀರಿಗೆ ಹಾಕಿ ಕರಗಿಸಿದರು. ಈಗ ಆ ನೀರನ್ನು ಕಾಯಿಸಿ ಪಾಕ ಮಾಡಬೇಕಂತೆ!

"ಅಪ್ಪಾ, ಬೆಲ್ಲಾನ ನೀರು ಮಾಡಿ, ನೀರನ್ನ ಮತ್ತೆ ಬೆಲ್ಲ ಮಾಡೋದಾ? ವಾಟ್ ಈಸ್ ದ ಪಾಯಿಂಟ್?" ಎಂದರು ನನ್ನ ಯಜಮಾನರು ಆಫೀಸಿಗೆ ಹೊರಡುತ್ತ.

"ಮಗು ನೋಡ್ಬೇಕಲ್ಲಪ್ಪ, ಹೆಂಗಾಯ್ತದೆ ಅಂತ."

ಮೂರು ಗಂಟೆ ಕಾಲ ಒಲೆ ಉರಿಯಿತು. ಕಿಟಕಿಗಳೆಲ್ಲ ಬೆವೆತವು. ಧೃತಿ ಪಕ್ಕದಲ್ಲೇ ಸ್ಟೂಲಿನ ಮೇಲೆ ನಿಂತು ಕಣ್ಣು ಮಿಟುಕಿಸದೆ ನೋಡಿದಳು. ಮಾವನವರು ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉರುಟಿ, "ಇನ್ನೇನು ಬಂತು!" ಎನ್ನುವಷ್ಟರಲ್ಲಿ ನನ್ನ ಫೋನು ಕಿರುಚಿತು. ಭೂಕಂಪದ ಮುನ್ಸೂಚನೆ. ಹಿಂದೆಯೇ ಮನೆ ತೂಗಾಡತೊಡಗಿತು.

ನಾನು ಗ್ಯಾಸ್ ಆರಿಸಿದೆ. ಧೃತಿ ಶಾಲೆಯಲ್ಲಿ ಕಲಿಸಿದಂತೆ ಚಂಗನೆ ಹಾರಿ ಮೇಜಿನ ಕೆಳಗೆ ಸೇರಿದಳು. ಮಾವನವರು? ಸೌಟು ಹಿಡಿದು ನಿಂತೇ ಇದ್ದಾರೆ!

"ಬನ್ನಿ ಮಾವಾ!" ಎಂದು ತೋಳು ಹಿಡಿದೆಳೆದೆ.

"ಹದದಲ್ಲಿ ಕೈ ಬಿಟ್ರೆ ಪಾಕ ಕೆಟ್ಟೋಯ್ತದೆ ಕಣಮ್ಮ! ನೀ ಹೋಗು!"

ಕಪಾಟಿನಲ್ಲಿ ತಟ್ಟೆಗಳು ಗಲಗಲ ಎಂದವು. ನಾನು ಅಳುವುದೊಂದು ಬಾಕಿ. ಆಗ ಮೇಜಿನ ಕೆಳಗಿನಿಂದ ಕೂಗು ಬಂತು:

"ತಾತಾ! ಅದು ಬಿಡು! ಇಲ್ಲಿ ಬಾ ತಾತಾ, ನಂಗೆ ಭಯ ಆಗ್ತಿದೆ!"

ಸೌಟು ಕೆಳಗೆ ಬಿತ್ತು. ಮಂಡಿನೋವೆಂದು ನೆಲದ ಮೇಲೆ ಕೂರಲಾಗದ ಮನುಷ್ಯ ಅಂಬೆಗಾಲಿಟ್ಟು ಮೇಜಿನ ಕೆಳಗೆ ನುಗ್ಗಿದರು. ಅವರ ಹಿಂದೆ ನಾನೂ. ಮಾವನವರು ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು, ತಲೆಯ ಮೇಲೆ ಕೈಯಿಟ್ಟು ಕೂತರು. ಸ್ವಲ್ಪ ಹೊತ್ತಿಗೆ ಮನೆ ಮೆಲ್ಲಗೆ ನಿಂತಿತು. ಒಲೆಯ ಮೇಲೆ ಪಾಕ ಕೆಟ್ಟಿತ್ತು.

"ಮುಗೀತು ತಾತ. ಹೊರಗೆ ಹೋಗೋಣ" ಎಂದಳು ಧೃತಿ.

ಮಾವನವರು ಅವಳ ಕೈ ಬಿಡಲಿಲ್ಲ. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಇನ್ನೊಸಿ ಹೊತ್ತು ಇರು ಮಗಾ" ಎಂದರು. "ಏನಾರ ಮಾತಾಡು."