ಗಜರಾಜನ ರಿವರ್ಸ್ ಗೇರು

ಕನ್ನಡಕದ ಅಂಗಡಿಯ ಯಜಮಾನರಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಜ್ಞಾನೋದಯವಾಯಿತು: ಗಜರಾಜನನ್ನು ಮಾರಿಬಿಡಬೇಕು! ಗಜರಾಜನೆಂದರೆ ಮದುವೆಯಾದ ವರ್ಷ ಕೊಂಡ ಕ್ರೂಸರ್ ಬೈಕು. ಅಗಲ ಹ್ಯಾಂಡಲ್ಲು, ಸೋಫಾದಂಥ ಸೀಟು, ಮಂಚದಷ್ಟು ಮೈ. ಈಚೆಗೆ ಅದರ ಭಾರಕ್ಕೆ ಯಜಮಾನರ ಮೊಣಕಾಲು ‘ಒಲ್ಲೆ’ ಎನ್ನುತ್ತಿತ್ತು. (ಹೆಂಡತಿಗೆ ಹೇಳಿರಲಿಲ್ಲ. ಗಂಡಸಿನ ಮರ್ಯಾದೆ ಎಂಬುದೊಂದಿದೆಯಲ್ಲ!)

ಗಜರಾಜನಿಗೆ ರಿವರ್ಸ್ ಗೇರೊಂದು ಬಿಟ್ಟು ಎಲ್ಲವೂ ಇತ್ತು. ಸಂಜೆ ಇಕ್ಕಟ್ಟಾದ ಅಂಗಳಕ್ಕೆ ನುಗ್ಗಿಸಿದ್ದನ್ನು ಬೆಳಿಗ್ಗೆ ಹಿಂದಕ್ಕೆ ತಳ್ಳಿಯೇ ಬೀದಿಗೆ ತರಬೇಕು. ಯಜಮಾನರು ಮಹಾರಾಜರ ಠೀವಿಯಲ್ಲಿ ಮೇಲೆ ಕೂರುವುದು. ಶಾಲೆಗೆ ಹೊರಟ ಹೆಂಡತಿ ಟೀಚರಮ್ಮ ಎದುರು ನಿಂತು ಹ್ಯಾಂಡಲ್ ಹಿಡಿದು ತಳ್ಳುವುದು. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿಯಿದು.

“ಎಡಕ್ಕೆ!”

“ತಿರುಗಿಸಿದೆನಲ್ರೀ!”

“ನಿನ್ನ ಎಡ ಅಲ್ಲ ಕಣೇ, ನನ್ನ ಎಡ!”

ಈ ಜಗಳವಿಲ್ಲದೆ ಆ ಬೀದಿಯಲ್ಲಿ ಬೆಳಗಾಗುತ್ತಿರಲಿಲ್ಲ. ಹೊಸತರಲ್ಲೊಮ್ಮೆ ಇಬ್ಬರೂ ಗಜರಾಜನ ಸಮೇತ ಹೂಕುಂಡದ ಮೇಲೆ ಬಿದ್ದು, ಏಳುವುದನ್ನೂ ಮರೆತು ನಕ್ಕಿದ್ದರು. ಅದು ನೆನಪಾದರೆ ಯಜಮಾನರಿಗೆ ಮಾರುವುದೇ ಬೇಡವೆನ್ನಿಸುತ್ತಿತ್ತು. ಆದರೂ ಮನಸ್ಸು ಕಲ್ಲು ಮಾಡಿಕೊಂಡು, ಅಂಗಡಿಯ ಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರಿಗೆ ಮಾತು ಕೊಟ್ಟರು.

ಭಾನುವಾರ ಡಾಕ್ಟರು ಬಂದು, ಟ್ಯಾಂಕನ್ನು ಹುಳುಕು ಹಲ್ಲಿನಂತೆ ತಟ್ಟಿ ನೋಡಿದರು. “ಇಷ್ಟು ಇಕ್ಕಟ್ಟಲ್ಲಿ ಹೊರಗೆ ಹೇಗೆ ತೆಗೀತೀರಿ?”

“ಅದೇನು ಮಹಾ? ನಾನೊಬ್ಬನೇ, ಒಂದೇ ಕೈಲಿ!”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಗಪ್ಪನೆ ನಿಂತಿತು. ಟೀಚರಮ್ಮ ಬಂದು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು.

“ಹೌದಾ? ತೆಗೀರಿ, ನಾನೂ ನೋಡ್ತೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಜಮಾನರು ಗಜರಾಜನನ್ನೇರಿ, ದೇಹದ ಸಮಸ್ತ ಶಕ್ತಿಯನ್ನು ಪಾದಕ್ಕಿಳಿಸಿ ಹಿಂದಕ್ಕೆ ಒತ್ತಿದರು. ಗಜರಾಜ ಗೇಟಿನವರೆಗೆ ಬಂದು ವಾಲಿತು. ಮೊಣಕಾಲು ಕೈಕೊಟ್ಟಿತು. ಯಜಮಾನರು ಬೈಕಿಗೂ ಗೇಟಿನ ಕಂಬಕ್ಕೂ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದರು.

“ಸ್ವಲ್ಪ ಬಾರೇ.”

“ಒಂದೇ ಕೈಲಿ ಅಂದ್ರಲ್ಲ?”

“ಮೊಣಕಾಲು ಆಗ್ತಿಲ್ಲ ಕಣೇ. ಅದಕ್ಕೇ ಮಾರ್ತಿರೋದು.”

ಟೀಚರಮ್ಮ ಓಡಿ ಬಂದು ಹ್ಯಾಂಡಲ್ ಹಿಡಿದರು, ಆದರೆ ತಳ್ಳಲಿಲ್ಲ. “ನನ್ನನ್ನ ಒಂದು ಮಾತು ಕೇಳಿದ್ರಾ? ಇಷ್ಟು ವರ್ಷ ನಾನು ನಿಮ್ಮ ಮುಖ ಸರಿಯಾಗಿ ನೋಡಿದ್ದೇ ಇಲ್ಲಿ ನಿಂತು ತಳ್ಳುವಾಗ. ಮಿಕ್ಕ ಹೊತ್ತಲ್ಲಿ ನೀವು ಪೇಪರ್ ಹಿಂದೆ, ಇಲ್ಲಾ ನಾನು ಬೈಕಲ್ಲಿ ನಿಮ್ಮ ಬೆನ್ನ ಹಿಂದೆ. ಇದನ್ನೂ ಮಾರಿಬಿಡ್ತೀರಾ?”

ಯಜಮಾನರ ಕಣ್ಣು ಮಂಜಾಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಹ್ಯಾಂಡಲ್ ಮೇಲಿದ್ದವು.

“ಕ್ಷಮಿಸಿ ಡಾಕ್ಟ್ರೇ, ಮಾರಲ್ಲ,” ಎಂದರು. ಡಾಕ್ಟರು ಹಲ್ಲು ಕಿರಿದು ಹೊರಟುಹೋದರು.

ಮರುದಿನ ಯಜಮಾನರು ಗಜರಾಜ ಉಳಿದ ಸಂಭ್ರಮದಲ್ಲಿ ಹೆಲ್ಮೆಟ್ ತೊಟ್ಟು ಅಂಗಳಕ್ಕೆ ಬಂದರೆ ಸಿಂಹಾಸನ ಖಾಲಿಯಿರಲಿಲ್ಲ. ಟೀಚರಮ್ಮ ಎರಡೂ ಕಾಲೂರಿ ಕೂತಿದ್ದರು.

“ರಸ್ತೆಗೆ ಹೋದಮೇಲೆ ನೀವು ಓಡಿಸಿ. ಗೇಟು ದಾಟೋವರೆಗೆ ಗಟ್ಟಿ ಮೊಣಕಾಲಿರೋರು ಕೂರೋದು. ಹೂಂ, ತಳ್ಳಿ! ಎಡಕ್ಕೆ!”

“ತಿರುಗಿಸಿದೆನಲ್ಲೇ!”

“ನಿಮ್ಮ ಎಡ ಅಲ್ಲ ರೀ, ನನ್ನ ಎಡ! ಕನ್ನಡಕದ ಅಂಗಡಿ ಇಟ್ಕೊಂಡು ಅಷ್ಟೂ ಕಾಣಲ್ವಾ?”