ಬಂಗಾರಿಯ ಹೆಸರಿಗೆ ಬಂದ ನೋಟಿಸು

ಅಕ್ಷರ ಸೊಟ್ಟ, ಶಬ್ದಗಳೂ ಕಡಿಮೆ. ಹತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟ ಕೈಯ ಬರವಣಿಗೆ ಇದು. ಓದುವವರು ದಯವಿಟ್ಟು ಕ್ಷಮಿಸಬೇಕು. ಆ ದಿನ ಮೀನುಪೇಟೆಯಲ್ಲಿ ಯಾರು ಏನೆಂದರೋ ಅಷ್ಟನ್ನೇ, ಎರಡೆರಡು ಸಲ ನೆನಪು ಮಾಡಿಕೊಂಡು ಬರೆದಿದೆ.

ತಿಮ್ಮಪ್ಪ: ಒಂದು ಸಹಿ ಹಾಕೂಕೆ ಎಷ್ಟು ಹೊತ್ತು ನಾಗಿ? ಇನ್ನೂ ಹನ್ನೊಂದು ಮಂದಿಗೆ ನೋಟಿಸು ಕೊಡೂದು ಅದೆ ನಂಗೆ.

ನಾಗಿ: ಬೇರೆಯವ್ರ ಕಾಗದಕ್ಕೆ ನಾ ಹ್ಯಾಂಗೆ ಸಹಿ ಹಾಕ್ಲಿ ತಿಮ್ಮಪ್ಪಣ್ಣ? ಮೇಲೆ ಬಂಗಾರಿ ಅಂತ ಅದೆಯಂತೆ.

ತಿಮ್ಮಪ್ಪ: ಬಂಗಾರಿ ನಿನ್ನ ಅತ್ತೆ ಅಲ್ದಾ?

ನಾಗಿ: ಹೌದಲ್ಲ. ಅವ್ರಿಗೇ ಕೊಡಿ.

ತಿಮ್ಮಪ್ಪ: ಎಲ್ಲಿ ಅವ್ರೆ?

ನಾಗಿ: ಹೊಳೆದಂಡೆ ಸುಡುಗಾಡಲ್ಲಿ. ಹೋಗಿ ಆರು ವರ್ಷ ಆತು. ನೇರ ಹೋಗಿ ಎಡಕ್ಕೆ ತಿರುಗಿ.

ತಿಮ್ಮಪ್ಪ ಊರಿನ ಪಂಚಾಯತಿ ಆಫೀಸಿನ ಗುಮಾಸ್ತ. ನಾಗಿ ಮೀನುಪೇಟೆಯ ಮೂರನೇ ಕಟ್ಟೆಯಲ್ಲಿ ಕೂತು ಮೀನು ಮಾರುವವಳು. ಅವಳ ಹಿಂದೆ, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಬಂಗಡೆ ಹಸನು ಮಾಡುತ್ತಿದ್ದವಳು ಮಗಳು ಸುಚಿತಾ. ವಯಸ್ಸು ಹದಿನೇಳು. ಹೊಸಬರು ಬಂದರೆ ತಲೆ ಎತ್ತುವವಳಲ್ಲ. ಆದರೆ ಕೈಗೆ ಬಂದ ಕಾಗದವನ್ನು ಹಿಂದೆ ಮುಂದೆ ಎರಡೂ ಕಡೆ ಓದದೆ ಬಿಡುವವಳೂ ಅಲ್ಲ. ಬಂಗಾರಿ ಅಂತ ಓದಿ ಹೇಳಿದವಳು ಅವಳೇ.

ತಿಮ್ಮಪ್ಪ: ತಮಾಷೆ ಸಾಕು. ನಾಡಿದ್ದು ಕಾನೂನು ಕಾಲೇಜಿಗೆ ಊರಿನ ಸನ್ಮಾನ. ವಿದ್ಯೆಗೆ, ನ್ಯಾಯಕ್ಕೆ ಅಷ್ಟೆಲ್ಲ ಸೇವೆ ಮಾಡಿದ ಕಾಲೇಜು. ಸ್ಟೇಜು ಇಲ್ಲೇ ಬರೂದು, ಸರಿಯಾಗಿ ನಿನ್ನ ಕಟ್ಟೆ ಮೇಲೆ. ನಾಳೆ ಸಂಜೆಯೊಳಗೆ ಖಾಲಿ ಮಾಡ್ಬೇಕು.

ನಾಗಿ: ನಾಡಿದ್ದಿನ ಮರುದಿನ ವಾಪಸ್ ಬರೂಕೆ ಅಡ್ಡಿ ಇಲ್ಲ ಅಲ್ದಾ?

ತಿಮ್ಮಪ್ಪ: ಅದು... ಸಮಾರಂಭದ ನಿಮಿತ್ತ, ಮುಂದಿನ ಆದೇಶದ ತನಕ ಅಂತ ಬರ್ದದೆ.

ನಾಗಿ: ಹೌದೌದು. ನ್ಯಾಯದ ಸ್ಟೇಜು ಅಷ್ಟು ಬೇಗ ಬಿಚ್ಚೂಕೆ ಬತ್ತದ್ಯಾ!

ಮುಂದಿನ ಆದೇಶ ಎಂದರೇನು ಎಂದು ಪೇಟೆಗೆ ಗೊತ್ತಿತ್ತು. ಗಟಾರ ರಿಪೇರಿಗೆಂದು ಎಂಟು ದಿನದ ಮಟ್ಟಿಗೆ ಎಬ್ಬಿಸಿದ ಸೊಪ್ಪಿನ ಹೆಂಗಸರು ಎರಡು ವರ್ಷದಿಂದ ಬಸ್‌ಸ್ಟ್ಯಾಂಡಿನ ಹಿಂದೆ ಕೂತಿದ್ದಾರೆ. ಗಟಾರವೂ ಹಾಗೇ ಇದೆ. ಇಲ್ಲಿಂದ ಎದ್ದರೆ ಕಟ್ಟೆ ಹೋಯಿತೆಂದೇ ಲೆಕ್ಕ. ಸುಚಿತಾಳ ಕೈಯಲ್ಲಿ ಕತ್ತಿ ನಿಂತಿತು.

ತಿಮ್ಮಪ್ಪ ಸಮಾಧಾನಕ್ಕೆಂದು ಚೀಲದಿಂದ ಬಂಗಾರದ ಅಂಚಿನ ಆಮಂತ್ರಣ ತೆಗೆದ.

ತಿಮ್ಮಪ್ಪ: ಇದು ನಿಂದೇ ಹೆಸ್ರಿಗೆ, ನೋಡು. ಹೋದ ವರ್ಷ ಕಾಲೇಜಿನ ಮಕ್ಕಳು ಇಲ್ಲೇ ಶಿಬಿರ ಮಾಡಿ ನಿಂಗೆ ಅರ್ಜಿ ಬರ್ದು ಕೊಟ್ರು ಅಲ್ದಾ? ನೀನು ಫಲಾನುಭವಿ. ಸ್ಟೇಜ್ ಹತ್ತಿ, ನಂಗೆ ನ್ಯಾಯ ಸಿಕ್ತು ಅಂತ ಎರಡು ಮಾತು ಹೇಳ್ಬೇಕು.

ನಾಗಿ: ಯಾವ ಸ್ಟೇಜು?

ತಿಮ್ಮಪ್ಪ: ಇದೇ ಸ್ಟೇಜು.

ನಾಗಿ: ನನ್ನ ಎಬ್ಬಿಸಿ ಕಟ್ಟೂದಾ?

ತಿಮ್ಮಪ್ಪ: ಹೂಂ. ಹತ್ತೂಕೆ ಮೆಟ್ಟಿಲು ಹಾಕ್ತ್ರು, ಹೆದ್ರಬೇಡ.

ನಾಗಿ: ಎಂತಾ ಉಪಕಾರ! ಅಲ್ಲಾ, ಆ ಅರ್ಜಿ ಈಗ ಎಲ್ಲಿ ಅದೆ?

ತಿಮ್ಮಪ್ಪ: ನಮ್ಮ ಆಫೀಸಲ್ಲೇ ಅದೆ. ಎಲ್ಲೂ ಹೋಗ್ಲಿಲ್ಲ.

ನಾಗಿ: ಎಂತ ಅಂತ ಬರ್ದ ಅರ್ಜಿ?

ತಿಮ್ಮಪ್ಪ: (ಮೀನು ನೋಡುತ್ತ) ಬಂಗಾರಿ ತೀರಿಹೋಗಿದ್ದಾಳೆ, ಕಟ್ಟೆ ಪರವಾನಗಿಗೆ ನಾಗಿ ಹೆಸರು ಹಾಕ್ಬೇಕು ಅಂತ.

ನಾಗಿ: ಹಾಕಿದ್ರಾ?

ತಿಮ್ಮಪ್ಪ: ಬಂಗಾರಿ ತೀರಿದ್ದು ಖಾತ್ರಿ ಆಗ್ಬೇಕಲ್ಲ! ಆಫೀಸಿನ ಪುಸ್ತಕದಲ್ಲಿ ಆಕೆ ಇನ್ನೂ ಗಟ್ಟಿಮುಟ್ಟಾಗಿ ಅವ್ಳೆ.

ನಾಗಿ: ಗಟ್ಟಿಮುಟ್ಟಾಗಿ ಅವ್ರೆ ಅಂದ್ರೆ ಪುಸ್ತಕದಲ್ಲೇ ಸಹಿ ಹಾಕಿಸ್ಕಣಿ.

ಸುಚಿತಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಪ್ಲಾಸ್ಟಿಕ್ ಚೀಲದಿಂದ ಅರ್ಜಿಯ ಪ್ರತಿ ತೆಗೆದಳು. ಮರಣಪತ್ರ ಲಗತ್ತಿಸಿದೆ ಎಂಬ ಸಾಲಿನ ಕೆಳಗೆ ಆಫೀಸಿನ ಸೀಲು ದುಂಡಗೆ ಕೂತಿತ್ತು. ಸೀಲಿನ ಮೇಲೆ ಬೆರಳಿಟ್ಟಳು.

ತಿಮ್ಮಪ್ಪ: ಸೀಲು ಹಾಕಿಸ್ಕಣೂದು, ಓದದೆ ಸಹಿ ಹಾಕದೇ ಇರೂದು, ಈ ಬುದ್ಧಿ ಎಲ್ಲ ನಿಮ್ಗೆ ಯಾರು ಕಲಿಸಿದ್ರು?

ನಾಗಿ: ನಾಡಿದ್ದು ಯಾರಿಗೆ ಶಾಲು ಹೊದಿಸ್ತ್ರೋ ಅವ್ರೇ.

ತಿಮ್ಮಪ್ಪ ದೂರ ಹೋಗಿ ಸಾಹೇಬರಿಗೆ ಫೋನ್ ಹಚ್ಚಿದ. ದೂರವೆಂದರೆ ಎರಡು ಬುಟ್ಟಿಯಾಚೆ.

ತಿಮ್ಮಪ್ಪ: ಸಾಹೇಬ್ರೇ, ಬಂಗಾರಿ ತೀರಿಹೋಗಿದ್ದಾಳಂತೆ... ಇಲ್ಲ, ಇವತ್ತಲ್ಲ... ಹಾರ ಬೇಡ ಸಾಹೇಬ್ರೇ, ಆರು ವರ್ಷ ಆತಂತೆ... ನೋಟಿಸು ಅಂಟಿಸೂದಾ? ಎಲ್ಲಿಗೆ? ಸುಡುಗಾಡಿಗಾ?

ಸುಚಿತಾ: (ಕೆಳಗೆ ನೋಡುತ್ತಲೇ, ತಾಯಿಯ ಕಡೆ ಕೈ ತೋರಿಸಿ) ತೀರಿಹೋದವ್ರ ಹೆಸ್ರಿನ ನೋಟಿಸು ನಡೀತದಾ ಅಂತ ಆಯಿ ನಾಡಿದ್ದು ಸ್ಟೇಜ್ ಮೇಲೆ ಕೇಳ್ಲಾ ಮಾಮ? ಕಾಲೇಜಿನವ್ರು ಎಲ್ಲಾ ಬತ್ರಲ್ಲ.

ತಿಮ್ಮಪ್ಪ: (ಫೋನಿಗೆ) ಕೇಳ್ತಾ ಸಾಹೇಬ್ರೇ? ಹೂಂ... ಜಡ್ಜ್ ಸಾಹೇಬ್ರೂ ಬರೂದಾ?... ಆತು, ಆತು. ಈಗ್ಲೇ ಬತ್ತೆ.

ಸ್ಕೂಟರು ಹೋದ ರಭಸಕ್ಕೆ ಕಾಗೆಗಳು ಎದ್ದವು. ನಲವತ್ತು ನಿಮಿಷದಲ್ಲಿ ತಿಮ್ಮಪ್ಪ ವಾಪಸು ಬಂದ. ಒಂದು ಕೈಯಲ್ಲಿ ನಾಗಿಯ ಹೆಸರಿನ ಹೊಸ ಪರವಾನಗಿ, ಇನ್ನೊಂದರಲ್ಲಿ ನಾಗಿಯ ಹೆಸರಿನ ಹೊಸ ನೋಟಿಸು. ಎರಡರ ಸಹಿಯೂ ಇನ್ನೂ ಆರಿರಲಿಲ್ಲ.

ತಿಮ್ಮಪ್ಪ: ತಗೋ ಮಾರಾಯ್ತಿ. ಕಟ್ಟೆ ನಿಂದು ಅಂತ ಆತು. ಈಗ ಕಟ್ಟೆ ಬಿಡು.

ನಾಗಿ: ಕೊಡಿ, ಸಹಿ ಹಾಕ್ತೆ. ನನ್ನ ಹೆಸ್ರು ಬಂದ ಮೇಲೆ ಹಾಕದೇ ಇರೂಕೆ ಆಗ್ತದ್ಯಾ? ಸುಚಿತಾ, ಇವತ್ತಿನ ತಾರೀಕು ಹಾಕು.

ಸುಚಿತಾ ತಾರೀಕು ಹಾಕಿದಳು. ಆಮೇಲೆ ಪರವಾನಗಿಯನ್ನು ಮಗುಚಿ, ಬೆನ್ನಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದಳು.

ಸುಚಿತಾ: "ಪರವಾನಗಿದಾರರನ್ನು ಸ್ಥಳದಿಂದ ತೆರವುಗೊಳಿಸುವುದಿದ್ದಲ್ಲಿ ಏಳು ದಿನ ಮುಂಚಿತವಾಗಿ ಅವರಿಗೆ ನೋಟಿಸು ನೀಡತಕ್ಕದ್ದು."

ತಿಮ್ಮಪ್ಪ: ಅದು ಯಾರು ಓದ್ತ್ರು ತಂಗಿ?

ನಾಗಿ: ಈ ಕೂಸು ಓದ್ತದೆ. ಇವತ್ತಿಂದ ಏಳು ದಿನ ಅಲ್ದಾ? ಎಂಟನೇ ದಿನ ಬನ್ನಿ. ಸಮಾರಂಭದ ನಿಮಿತ್ತ ಅಂತ ಬರ್ದದೆ. ಅವತ್ತು ಸಮಾರಂಭ ಇದ್ರೆ ಎದ್ದು ಹೋತೆ.

ತಿಮ್ಮಪ್ಪ ಕರವಸ್ತ್ರ ತೆಗೆದು ಮುಖ ಒರೆಸಿದ.

ತಿಮ್ಮಪ್ಪ: ಹಂಗಾದ್ರೆ ಸ್ಟೇಜು ಎಲ್ಲಿ ಹಾಕೂದು?

ನಾಗಿ: ನಿಮ್ಮ ಆಫೀಸಿನ ಅಂಗಳದಲ್ಲಿ ಹಾಕಿ. ಅರ್ಜಿ ಎಲ್ಲ ಅಲ್ಲೇ ಅವೆ. ನ್ಯಾಯಕ್ಕೂ ಹತ್ರ ಆತದೆ.

ತಿಮ್ಮಪ್ಪ: ಹೋಗ್ಲಿ, ಸ್ಟೇಜಿಗೆ ಬಂದು ಮಾತಾಡ್ತ್ಯಲ್ಲ? ನಿನ್ನ ಹೆಸ್ರು ಅಚ್ಚಾಗಿ ಆತು.

ನಾಗಿ: ಬತ್ತೆ. ನ್ಯಾಯ ಸಿಕ್ತು ಅಂತ ಹೇಳ್ತೆ. ಸಿಕ್ಕೂಕೆ ಎಷ್ಟು ಹೊತ್ತು ಆತು ಅಂತಾನೂ ಹೇಳ್ತೆ. ಅತ್ತೆ ತೀರಿ ಆರು ವರ್ಷ, ನಲವತ್ತು ನಿಮಿಷ.

ಅಷ್ಟರಲ್ಲಿ ನಾಲ್ಕನೇ ಕಟ್ಟೆಯ ಸೋಮಿ ಕೈ ನೀಡಿದಳು.

ಸೋಮಿ: ತಿಮ್ಮಪ್ಪಣ್ಣ, ನನ್ನ ನೋಟಿಸು?

ತಿಮ್ಮಪ್ಪ: (ಕಾಗದ ಹುಡುಕುತ್ತ) ನಾಲ್ಕನೇ ಕಟ್ಟೆ... ಸುಕ್ರಿ ಅಂತ ಅದೆ.

ಸೋಮಿ: ಅದು ನನ್ನ ಆಯಿ. ಬಂಗಾರಕ್ಕನ ಹತ್ರಾನೇ ಅವ್ಳೆ. ಹೋಗ್ತಾ ಒಂದೇ ಸಲ ಕೊಟ್ಟು ಹೋಗಿ.

ತಿಮ್ಮಪ್ಪ ಉಳಿದ ಕಾಗದಗಳ ಮೇಲಿನ ಹೆಸರುಗಳನ್ನು ಮೆಲ್ಲಗೆ ಓದತೊಡಗಿದ. ಒಂದೊಂದು ಹೆಸರಿಗೂ ಒಂದೊಂದು ಕಟ್ಟೆಯಿಂದ "ತೀರಿಹೋಗಿ ಆತು" ಎಂಬ ಉತ್ತರ ಬಂತು. ಹನ್ನೆರಡು ಹೆಸರಿನಲ್ಲಿ ಬದುಕಿದ್ದವರು ಮೂವರು. ಅವರಲ್ಲೊಬ್ಬಳು ಮುಂಬೈಯಲ್ಲಿದ್ದಳು.

ಅವನು ಸುಚಿತಾಳ ಕ್ರೇಟಿನ ಪಕ್ಕದಲ್ಲೇ ಕುಸಿದು ಕೂತ.

ತಿಮ್ಮಪ್ಪ: ತಂಗಿ, ನೀನಾದ್ರೂ ನಾಡಿದ್ದು ಬಾ. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತೆ. ಸುಮ್ನೆ ಕೂತು ಚಪ್ಪಾಳೆ ಹೊಡೆದ್ರೆ ಸಾಕು.

ಸುಚಿತಾ ಕತ್ತಿ ತೊಳೆದಿಟ್ಟು, ಮೊದಲ ಸಲ ತಲೆ ಎತ್ತಿದಳು.

ಸುಚಿತಾ: ನಂಗೆ ಪುರಸೊತ್ತಿಲ್ಲ ಮಾಮ. ಅಕ್ಷರ ಚೆಂದ ಇಲ್ಲ, ಆದ್ರೂ ಓದೂಕೆ ಬತ್ತದೆ. ನಾಳೆ ಬೆಳಿಗ್ಗೆ ಸೋಮಕ್ಕನ ಅರ್ಜಿ ಬರೀತೆ.